ಕಂಬಳಿಯೊಳಗಿನ ಕಡೇ ಸಂದು

ನನ್ನ ಕಪಾಟಿನಲ್ಲಿ ಒಂದು ಕ್ಯಾಸೆಟ್ ಇದೆ. ಅದರ ಮೇಲೆ ನೀಲಿ ಶಾಯಿಯಲ್ಲಿ ನನ್ನದೇ ಅಕ್ಷರ: ‘ಮಲಕವ್ವ ಹಾಲಸಿದ್ದ, ಕಡೇ ಸಂದು, 1995.’ ಹಾಕಿ ಕೇಳಿದರೆ ಎರಡೂ ಬದಿಗೆ ಬರೇ ಡೊಳ್ಳು. ಮಲಕವ್ವನ ದನಿ ಒಂದು ಉಸಿರಿನಷ್ಟೂ ಇಲ್ಲ. ಮನೆಯವಳು ಎರಡು ಸಲ ಅದನ್ನು ರದ್ದಿಗೆ ಹಾಕಲು ನೋಡಿದಳು, ಎರಡು ಸಲವೂ ನಾನು ಜಗಳ ತೆಗೆದೆ. ಇಟ್ಟುಕೊಂಡು ಮಾಡುವುದೇನು ಎಂದು ಕೇಳುತ್ತಾಳೆ. ಮಾಡಿದ ಕೆಲಸಕ್ಕೆ ಒಂದು ಗುರುತು ಮನೆಯಲ್ಲಿರಲಿ ಎಂದು ಇಟ್ಟುಕೊಂಡಿದ್ದೇನೆ, ಅಷ್ಟೇ.

ನಾನು ಧನಪಾಲ, ಕಾಗವಾಡದ ಕಡೆಯ ಜೈನ. 1983ರಲ್ಲಿ ಸರಕಾರ ನನ್ನನ್ನು ಕಬ್ಬೂರದಿಂದ ಮೂರು ಮೈಲಿ ಆಚೆಗಿನ ಸಿದ್ದನ ಕೋಡಿಗೆ ಮಾಸ್ತರನನ್ನಾಗಿ ಕಳಿಸಿತು. ಹೊಲಗಳ ನಡುವಿನ ಸಣ್ಣ ವಸ್ತಿಗೆ ಈ ಕಡೆ ಕೋಡಿ ಎನ್ನುತ್ತಾರೆ. ಇಪ್ಪತ್ತೆರಡು ಮನೆ, ಮನೆಗಳಿಗಿಂತ ದೊಡ್ಡ ಕುರಿದೊಡ್ಡಿಗಳು, ಕುರಿಗಾರರ ದೇವರು ಹಟ್ಟಿಸಿದ್ದನ ಒಂದು ಗುಡಿ, ಒಂದು ಖೋಲಿಯ ನನ್ನ ಶಾಲೆ. ಅಲ್ಲಿನವರೆಲ್ಲ ತಲೆತಲಾಂತರದಿಂದ ಕುರಿ ಕಾಯುವವರು. ಹೊಸ ಮಾಸ್ತರ ಕತ್ತಲಾದ ಮೇಲೆ ಊಟ ಮಾಡುವುದಿಲ್ಲ ಎಂದು ಗೊತ್ತಾದ ದಿನದಿಂದ, ಸೂರ್ಯ ಇಳಿಯುವ ಮುಂಚೆ ಒಬ್ಬ ಹೆಂಗಸು ಶಾಲೆಯ ಕಟ್ಟೆಗೆ ಎರಡು ರೊಟ್ಟಿ, ಒಂದು ಗಿಂಡಿ ಮಜ್ಜಿಗೆ ತಂದಿಡತೊಡಗಿದಳು. ಅವಳೇ ಮಲಕವ್ವ. ಆಗ ಅವಳಿಗೆ ನಲವತ್ತೈದು ಇರಬಹುದು. ಹಣೆಯ ಮೇಲೆ ದೊಡ್ಡ ಕುಂಕುಮ, ಸೊಂಟದಲ್ಲಿ ಸದಾ ಸಿಕ್ಕಿಸಿಕೊಂಡ ಉಣ್ಣೆಯ ಮುದ್ದೆ. ಕೂತರೂ ನಿಂತರೂ ಬೆರಳು ನೂಲು ತೆಗೆಯುತ್ತಲೇ ಇರುತ್ತಿತ್ತು.

"ಮಾಸ್ತರ, ನಿಮ್ಮ ದೇವ್ರಿಗೆ ಕತ್ತಲಾದ ಮ್ಯಾಲ ಕಣ್ಣ ಕಾಣೂದಿಲ್ಲೇನ್ರಿ? ಆಗ ತಿಂದ್ರ ಯಾರ್ ನೋಡ್ತಾರ?" ಎಂದು ಮೊದಲ ವಾರವೇ ನನ್ನನ್ನು ಕೇಳಿದಳು. ನಾನು ಜೀವದಯೆ, ಕ್ರಿಮಿಕೀಟ ಎಂದು ದೊಡ್ಡ ಪಾಠ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ನಿಮ್ಮಲ್ಲೂ ಮಾಡಬಾರದ್ದು ಬಾಳ ಐತಿ ಅನ್ರಿ," ಎಂದು ನಕ್ಕು ಹೋದಳು.

ಅವಳ ಗಂಡ ಹಾಲಸಿದ್ದ ಆ ಕೋಡಿಯ ಹಾಡುಗಾರ. ಹಟ್ಟಿಸಿದ್ದನ ಕತೆಯನ್ನು ಡೊಳ್ಳಿನ ಮೇಲೆ ಹಾಡುವ ಹಕ್ಕು ಅವರ ಮನೆತನದ್ದು. ಕತೆಯನ್ನು ಅವರು ಸಂದು ಎಂಬ ಭಾಗಗಳಾಗಿ ಒಡೆದುಕೊಂಡಿದ್ದಾರೆ. ಒಟ್ಟು ಹದಿಮೂರು ಸಂದು. ಹನ್ನೆರಡನ್ನು ಯಾರು ಬೇಕಾದರೂ ಕೇಳಬಹುದು, ಹೆಂಗಸರೂ ಹಾಡಬಹುದು. ಹನ್ನೆರಡನೆಯದರ ಕೊನೆಗೆ ಸಿದ್ದನ ತಂಗಿ ಸಿಂಗವ್ವ ಕುರಿಹಿಂಡಿನೊಳಗೆ ನಡೆದು ಹೋಗಿ, ಹಣೆಯ ಮೇಲೆ ಬಿಳಿ ಚುಕ್ಕೆ ಇರುವ ಕರೀ ಕುರಿಯಾಗಿ ಹಿಂಡಿನಲ್ಲಿ ಕೂಡಿಬಿಡುತ್ತಾಳೆ. ಅದಕ್ಕೇ ಅಂಥ ಚುಕ್ಕೆಯ ಕುರಿಯನ್ನು ಯಾರೂ ಮಾರುವುದಿಲ್ಲ, ಕೊಯ್ಯುವುದಿಲ್ಲ. ಸೋಮವಾರಕ್ಕೊಮ್ಮೆ ಹೆಂಗಸರು, ಗಂಡ ಸತ್ತವರೂ ಸೇರಿ, ಅದಕ್ಕೆ ಆರತಿ ಎತ್ತಿ ‘ಕೂಡಿದಳೋ ಸಿಂಗವ್ವ’ ಎಂದು ಹಾಡುತ್ತಾರೆ.

ಹದಿಮೂರನೆಯದು ಕಡೇ ಸಂದು. ಅದನ್ನು ಹನ್ನೆರಡು ವರ್ಷಕ್ಕೊಮ್ಮೆ, ದೀಪಾವಳಿಯ ಪಾಡ್ಯದ ದಿನ, ಗುಡಿಯ ಬಾಗಿಲು ಹಾಕಿಕೊಂಡು ಗಂಡಸರು ಮಾತ್ರ ಕೇಳಬೇಕು. ಅದನ್ನು ಬರೆಯಬಾರದು. ಗುರು ಒಬ್ಬನೇ ಶಿಷ್ಯನಿಗೆ, ಇಬ್ಬರೂ ಒಂದೇ ಕಂಬಳಿಯನ್ನು ತಲೆಯ ಮೇಲೆ ಹೊದ್ದುಕೊಂಡು ಕೂತು, ಕಿವಿಯಲ್ಲಿ ಹೇಳಿಕೊಡಬೇಕು. ಹೆಣ್ಣಿನ ಕಿವಿಗೆ ಬಿದ್ದರೆ ಹಟ್ಟಿ ಒಡೆಯುತ್ತದೆ, ಮನೆಯೂ ಹಿಂಡೂ ಚದುರುತ್ತವೆ ಎಂಬುದು ಅವರ ನಂಬಿಕೆ. ಹೊರಗಿನ ಜಾತಿಯವನಾದ ನಾನೂ ಆ ಲೆಕ್ಕದಲ್ಲಿ ಹೆಣ್ಣೇ.

ಹಾಗಾಗಿ 1984ರ ಪಾಡ್ಯದಂದು ಕೋಡಿಯ ಹೆಂಗಸರನ್ನೆಲ್ಲ ಗುಡಿಯಿಂದ ದೂರ ನನ್ನ ಶಾಲೆಯ ಕಟ್ಟೆಗೆ ಕಳಿಸಿದರು, ನನ್ನನ್ನೂ ಅವರ ಜೊತೆ ಕೂರಿಸಿದರು. ಹೆಂಗಸರು ಎಲೆ ಅಡಿಕೆ ಹಾಕಿಕೊಂಡು ಅತ್ತೆಯರನ್ನು ಬೈಯುತ್ತಿದ್ದರು. ದೂರದಿಂದ ಡೊಳ್ಳು ಮಾತ್ರ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಲಕವ್ವ ಒಂದು ಮೂಲೆಗೆ ನೂಲುತ್ತ ಕೂತಿದ್ದಳು. ಅವಳ ತುಟಿ ಅಲ್ಲಾಡುತ್ತಿದ್ದುದನ್ನು ನಾನು ಕಂಡೆ. ಒಂದು ಕಡೆ ಡೊಳ್ಳು ತಡವರಿಸಿ ನಿಂತಿತು. ಆಗ ಅವಳು ತಲೆ ಎತ್ತಿ ಗುಡಿಯ ದಿಕ್ಕಿಗೆ ನೋಡಿ, ಮರೆವಿನ ಹುಡುಗನ ಮೇಲೆ ನಾನು ಸಿಡುಕುವ ಹಾಗೆ, ಚ್ ಎಂದಳು. ನನಗಾಗ ಏನೂ ಹೊಳೆಯಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ನೌಕರಿ ಮಾಡುವವರಿಗೆ ಬೇರೆ ಏನೂ ಬೇಗ ಹೊಳೆಯುವುದಿಲ್ಲ.

ಹಾಲಸಿದ್ದನ ಕಂಠ ದೊಡ್ಡದು, ನೆನಪು ಸಣ್ಣದು. ಪೇಟೆಗೆ ಹೋದರೆ ಉಪ್ಪು ಮರೆತು ಬರುತ್ತಿದ್ದ. ಒಳ್ಳೆಯ ಮನುಷ್ಯ, ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. 1991ರಲ್ಲಿ ಅವನಿಗೆ ಲಕ್ವ ಹೊಡೆದು ನಾಲಿಗೆ ಬಿದ್ದುಹೋಯಿತು. ಗಂಡುಮಕ್ಕಳಿಲ್ಲದ್ದರಿಂದ ತಮ್ಮನ ಮಗ ದಶರಥನಿಗೆ ಕಡೇ ಸಂದು ಹೇಳಿಕೊಡಬೇಕಿತ್ತು, ಇವತ್ತು ನಾಳೆ ಎಂದು ಮುಂದೂಡಿದ್ದ. ಗುಡಿಯ ಹಿರಿಯ ಅಣ್ಣಾಸಾಬ ಎರಡು ವರ್ಷ ಬಿಡದೆ ಬಂದು, ಮಂಚದ ಮೇಲೆ ಗುರುಶಿಷ್ಯರಿಗೆ ಕಂಬಳಿ ಹೊದಿಸಿ ಕಾದ. ಕಂಬಳಿಯೊಳಗಿಂದ ಬ್ಬ ಬ್ಬ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. 1993ರಲ್ಲಿ ಹಾಲಸಿದ್ದ ತೀರಿಕೊಂಡ. ಕಡೇ ಸಂದು ಅವನ ಜೊತೆ ಮಣ್ಣಿಗೆ ಹೋಯಿತೆಂದು ಇಡೀ ಕೋಡಿ ಅತ್ತಿತು.

ನನಗೆ ಆ ಹೊತ್ತಿಗೆ ಒಂದು ಹುಚ್ಚು ಹತ್ತಿತ್ತು. ಧಾರವಾಡದಿಂದ ಬಾಹ್ಯ ವಿದ್ಯಾರ್ಥಿಯಾಗಿ ಎಂ.ಎ. ಮುಗಿಸಿದ್ದೆ, ಹಟ್ಟಿಸಿದ್ದನ ಕತೆಯ ಮೇಲೆ ದೊಡ್ಡ ಪ್ರಬಂಧ ಬರೆದು ಡಾಕ್ಟರ್ ಧನಪಾಲ ಆಗಬೇಕೆಂದಿದ್ದೆ. ನಿಪ್ಪಾಣಿಯ ಸಂತೆಯಲ್ಲಿ ಹಳೆಯ ಟೇಪ್ ರೆಕಾರ್ಡರ್ ಒಂದನ್ನು ಕೊಂಡು, ಹನ್ನೆರಡು ಸಂದುಗಳನ್ನು ದಶರಥನಿಂದ ಹಾಡಿಸಿ ತುಂಬಿಸಿಕೊಂಡಿದ್ದೆ. ಹದಿಮೂರನೆಯದರ ಜಾಗದಲ್ಲಿ ‘ಲಭ್ಯವಿಲ್ಲ’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದಿದ್ದೆ.

1995ರ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮಲಕವ್ವ ಶಾಲೆಗೆ ಬಂದಳು. ನಾನು ವಹಿಗಳನ್ನು ಹರವಿಕೊಂಡು ಕೂತಿದ್ದೆ. ಅವಳು ಬಾಗಿಲು ಮುಂದೆ ಮಾಡಿ ಕೆಳಗೆ ಕೂತಳು.

"ಅದು ನನ್ನ ಹಂತ್ಯಾಕ ಐತ್ರಿ ಮಾಸ್ತರ," ಎಂದಳು.

"ಯಾವುದು?"

"ನೀವು ಹುಡಕಾಕತ್ತದ್ದು. ಕಡೇ ಸಂದು."

ನನಗೆ ನಗು ಬಂತು. ಆಮೇಲೆ ಅವಳ ಮುಖ ನೋಡಿ ನಗು ನಿಂತಿತು. ಅವಳು ಹೇಳಿದ್ದು ಇಷ್ಟು. ಮೂವತ್ತೆಂಟು ವರ್ಷದ ಹಿಂದೆ ಅವಳು ಬಾಣಂತಿ. ಮಗಳು ಕಸ್ತೂರೆವ್ವ ಹುಟ್ಟಿ ಒಂಬತ್ತು ದಿನವಾಗಿತ್ತು. ಮಾವ ಲಗಮಣ್ಣನಿಗೆ ವಯಸ್ಸಾಗಿ, ಇನ್ನು ಹೆಚ್ಚು ದಿನ ಇಲ್ಲವೆಂದು ಮಗ ಹಾಲಸಿದ್ದನಿಗೆ ಕಡೇ ಸಂದು ಕಲಿಸಲು ಕೂತ. ಮನೆಯ ಹೆಂಗಸರನ್ನೆಲ್ಲ ಹನ್ನೊಂದು ದಿನ ಹೊಲದ ಗುಡಿಸಲಿಗೆ ಕಳಿಸಿದರು. ಬಾಣಂತಿ ಮಾತ್ರ ಹೊಸ್ತಿಲು ದಾಟುವಂತಿಲ್ಲ. ಕತ್ತಲೆ ಕೋಣೆಯೊಳಗೆ, ಹೊರಸಿನ ಮೇಲೆ, ಕೆಳಗೆ ಕೆಂಡ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದು, ಎರಡೂ ಕಿವಿಗೆ ಅರಳೆ ತುರುಕಿ ಮಲಗಿಸಿದ ಹೆಂಗಸನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅರಳೆ ಇದ್ದ ಕಿವಿಗೆ ಕೇಳುವುದಿಲ್ಲ ಎಂದುಕೊಂಡರು. ಅವರು ಮರೆತದ್ದು ಒಂದೇ. ಮುದುಕ ಲಗಮಣ್ಣನಿಗೆ ಕಿವಿ ಪೂರ್ತಿ ಕೆಟ್ಟಿತ್ತು. ಕಿವುಡರು ಪಿಸುಗುಟ್ಟಲಾರರು. ಪಡಸಾಲೆಯಲ್ಲಿ ಕಂಬಳಿ ಹೊದ್ದು, ಮಗನ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದೇನೆಂದು ತಿಳಿದು, ಅವನು ಮೂರು ಹೊಲ ದಾಟುವಂತೆ ಒದರುತ್ತಿದ್ದ.

"ಮದ್ಲs ಎರಡ್ ದಿವ್ಸ ದೇವ್ರಾಣಿ ಕೇಳಬಾರ್ದಂತ ಕೂಸಿನ್ನ ಅಪ್ಪಿಕೊಂಡು ಮಕ್ಕೊಂಡಿದ್ನಿರಿ," ಎಂದಳು. "ಅರಳಿ ಇದ್ರೂ ಅಲ್ಲೊಂದು ಇಲ್ಲೊಂದು ಮಾತ ಬೀಳತಿತ್ತು. ಸಿಂಗವ್ವ ಅಂದದ್ದು ಬಿತ್ತು. ಮೂರನೇ ದಿವ್ಸ ನಾನs ಕೈಯಾರೆ ಅರಳಿ ತಗದ್ನಿ. ಅದು ನಂದs ತಪ್ಪ. ಸುಳ್ಳ ಹೇಳೂದಿಲ್ಲ."

ಹೆದರಿಕೆಯಾಗಲಿಲ್ಲವೇ ಎಂದೆ.

"ಆತಲ್ರಿ. ಹಟ್ಟಿ ಒಡೀತೈತಿ, ಕೂಸ ಸಾಯತೈತಿ ಅಂತ ಒಂದ್ ವರ್ಷ ಹೆದರಿದ್ನಿ. ಏನೂ ಆಗಲಿಲ್ಲ. ಆಗೂದೆಲ್ಲಾ ನನ್ನ ಎದ್ಯಾಗ ಆತು. ಸ್ವಾಮಾರಕ್ಕೊಮ್ಮಿ ಆರತಿ ಹಿಡದು ಕೂಡಿದಳೋ ಸಿಂಗವ್ವ ಅಂತ ಹಾಡ್ತೀನಿ. ಆಕಿ ಎಲ್ಲೂ ಕೂಡಿಲ್ರಿ ಮಾಸ್ತರ. ಮೂವತ್ತೆಂಟ ವರ್ಷ ಈ ಬಾಯಿಲೆ ಸುಳ್ಳ ಹಾಡೇನಿ. ನಮ್ಮ ಮನ್ಯಾವ್ರಿಗೆ ನೆನಪಿದ್ದದ್ದೂ ಅರ್ಧಾನ, ಆಕಿಗೆ ಆದದ್ದು ಬರೂಮುಂದ ಗುಡ್ಯಾಗ ತಡವರಿಸಿ ಬಿಟ್ಟಬಿಡತಿದ್ರು. ನಾ ಸತ್ರ, ಆಕಿಗೆ ಏನಾತು ಅನ್ನೂದು ಭೂಮಿ ಮ್ಯಾಲ ಯಾರಿಗೂ ಗೊತ್ತಿರೂದಿಲ್ಲ."

ನನಗೇ ಯಾಕೆ ಹೇಳುತ್ತೀ ಎಂದರೆ, "ನೀವು ನಮ್ಮ ದೇವ್ರ ಒಕ್ಕಲಲ್ಲ, ನಿಮಗ ಶಾಪ ತಟ್ಟೂದಿಲ್ಲ. ಓದಿದವ್ರು, ಎಲ್ಲೆರ ಇಟ್ಕೊಂಡಿರ್ತೀರಿ," ಎಂದಳು. ಒಂದೇ ಕರಾರು ಹಾಕಿದಳು. ಅವಳು ಬದುಕಿರುವವರೆಗೆ ಕೋಡಿಯಲ್ಲಿ ಯಾರ ಕಿವಿಗೂ ಇದು ಬೀಳಬಾರದು. "ನನಗ ಏನರ ಮಾಡ್ಲಿ. ಮಗಳ ಚಿಂಚಲ್ಯಾಗ ಇದs ದೇವ್ರ ಒಕ್ಕಲದ ಮನ್ಯಾಗ ಅದಾಳ. ಆಕಿ ಬಾಳೇ ಕೆಡಬಾರ್ದು." ಇದ್ದೊಬ್ಬ ಮಗಳು. ತಿಂಗಳಿಗೊಮ್ಮೆ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು. ಗಂಡ ಹೋದ ಮೇಲೆ ಮಲಕವ್ವನಿಗೆ ಉಳಿದ ಹಬ್ಬ ಅದೊಂದೇ. ನಾನು ನಮ್ಮ ತೀರ್ಥಂಕರರ ಮೇಲೆ ಆಣೆ ಇಟ್ಟು ಮಾತು ಕೊಟ್ಟೆ.

ಅವಳು ಹಾಡಿದಳು. ಮೂರು ಮಧ್ಯಾಹ್ನ ಬೇಕಾದವು. ಡೊಳ್ಳಿರಲಿಲ್ಲ, ತೊಡೆಯ ಮೇಲೆ ಅಂಗೈ ಬಡಿದುಕೊಂಡು ಹಾಡಿದಳು. ಅದರಲ್ಲಿದ್ದ ಸಂಗತಿಯನ್ನು ಈಗ ಬರೆದುಬಿಡುತ್ತೇನೆ. ಆ ಕೋಡಿಯವರು ಇದನ್ನೆಲ್ಲಿ ಓದುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಅಂಥ ಧೈರ್ಯಕ್ಕೆ ಏನು ಬೆಲೆ ಎಂಬುದೂ ನನಗೆ ಗೊತ್ತು.

ಹಿಂಡು ಸಿದ್ದನದಲ್ಲ. ತಾಯಿ ಅದನ್ನು ಮಗಳು ಸಿಂಗವ್ವನಿಗೆ ಕೊಟ್ಟಿದ್ದಳು. ಒಂಬೈನೂರು ಕುರಿಯನ್ನು ಒಂದೊಂದಾಗಿ ಹೆಸರಿಟ್ಟು ಕರೆಯುತ್ತಿದ್ದವಳು ಅವಳು. ಡೊಳ್ಳು ಕಟ್ಟಿದವಳು ಅವಳು. ಕತೆ ಕಟ್ಟಿದವಳೂ ಅವಳೇ. ಸಿದ್ದ ಉಂಡಾಡಿ. ನನಗೂ ಕಲಿಸು ಎಂದ, ಅವಳು ಕಲಿಸಿದಳು. ಹನ್ನೆರಡು ಸಂದು ಕಲಿತಾದ ಮೇಲೆ, ಇವಳಿರುವವರೆಗೆ ಹಿಂಡೂ ಇವಳದು ಕತೆಯೂ ಇವಳದು ಎಂದು ಅವನಿಗೆ ಅನ್ನಿಸಿತು. ತಂಗಿ ದಣಿದು ಮಲಗಿದಾಗ ಕಂಬಳಿ ಹೊದಿಸಿದ. ನಾಲ್ಕೂ ಚುಂಗು ಒತ್ತಿ, ಮುಖದ ಮೇಲೆ ಕೂತ. ಆಮೇಲೆ ಎದ್ದು ಹೋಗಿ ಜನರಿಗೆ, ತಂಗಿ ಕುರಿಯೊಳಗೆ ಕೂಡಿದಳು ಎಂದು ಹಾಡಿದ. ಅದು ಅವನು ಸ್ವಂತ ಕಟ್ಟಿದ ಒಂದೇ ಸಾಲು.

ಗುರುಶಿಷ್ಯರು ಹೊದ್ದುಕೊಳ್ಳುವ ಕಂಬಳಿ ಯಾವುದೆಂದು ನನಗೆ ಆಗ ತಿಳಿಯಿತು. ಅದರ ಪದಗಳಲ್ಲಿ ನನ್ನ ನೆನಪಿನಲ್ಲಿ ಈಗ ಉಳಿದಿರುವುದು ಎರಡೇ ಸಾಲು.

‘ಕತಿ ಮುಗದೈತೇನ ತಂಗಿ, ಇನ್ನs ಉಳದೈತೇನ?
ಉಳದದ್ದು ಹೇಳತೇನಿ ಅಣ್ಣಾ, ಕಂಬಳಿ ತಗಿಯಣ್ಣಾ.’

ಮೂರನೆಯ ದಿನ ಹಾಡು ಮುಗಿದಾಗ ಮಲಕವ್ವ ಅಳಲಿಲ್ಲ. ನೀರು ಕುಡಿದು, ಎದ್ದು ಸೆರಗು ಝಾಡಿಸಿಕೊಂಡಳು. ತಲೆಯ ಮೇಲಿನ ಕೊಡ ಇಳಿಸಿದವರಂತೆ ಕತ್ತು ಆಚೀಚೆ ತಿರುಗಿಸಿ, "ಹಗೂರ ಆತ್ರಿ," ಎಂದಳು. ಕ್ಯಾಸೆಟ್ಟಿನಲ್ಲಿ ಇದೆಯಲ್ಲ ಎಂದು ನಾನು ಒಂದು ಅಕ್ಷರವನ್ನೂ ವಹಿಗೆ ಇಳಿಸಲಿಲ್ಲ. ರಜೆ ಇತ್ತು, ಸೆಖೆ ಇತ್ತು, ಸೋಮಾರಿತನವಿತ್ತು.

ಮರುವರ್ಷ ಹನ್ನೆರಡು ವರ್ಷದ ಹಾಡಿಕೆ ಬಂತು. ಗುಡಿಯ ಕಟ್ಟೆಯಲ್ಲಿ ದಿನಾ ಅದೇ ಮಾತು. ಕಡೇ ಸಂದಿಲ್ಲದೆ ಬಾಗಿಲು ಹಾಕಿಕೊಂಡು ಮಾಡುವುದೇನು? ಶ್ರಾವಣದ ಒಂದು ಬೆಳಗ್ಗೆ ಅಣ್ಣಾಸಾಬ ನನ್ನ ಶಾಲೆಗೆ ಬಂದ. ಅವನು ಕೆಟ್ಟವನೆಂದು ಯಾರೂ ತಿಳಿಯಬಾರದು. ಮಳೆಗಾಲದಲ್ಲಿ ಶಾಲೆ ಸೋರಿದಾಗ ತಾನೇ ಹತ್ತಿ ಹೆಂಚು ಸರಿಮಾಡಿದ ಮನುಷ್ಯ. ಅಂದು ಕಟ್ಟೆಯ ಮೇಲೆ ಕೂತು ಮಗುವಿನ ಹಾಗೆ ಅತ್ತ. "ನಮ್ಮ ಪೀಳಿಗ್ಯಾಗ ಹಾಳಾತಲ್ರಿ ಮಾಸ್ತರ. ನೀವು ಇಷ್ಟ್ ಓದೀರಿ, ಯಾವ ಪುಸ್ತಕದಾಗೂ ಇಲ್ಲೇನ್ರಿ?"

ಆಗ ನಾನು ಬಾಯಿ ಬಿಟ್ಟೆ. ಕನಿಕರದಿಂದ ಬಿಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕನಿಕರ ಎರಡಾಣೆ, ಜಂಬ ಹದಿನಾಲ್ಕಾಣೆ. ಹೊರಗಿನವನೆಂದು ಹನ್ನೆರಡು ವರ್ಷದ ಹಿಂದೆ ನನ್ನನ್ನು ಹೆಂಗಸರ ಜೊತೆ ಕೂರಿಸಿದ ಗುಡಿಗೆ, ಅದರ ದೇವರ ಕತೆಯನ್ನು ನಾನೇ ತಿರುಗಿ ಕೊಡುತ್ತೇನೆ ಎಂಬ ಜಂಬ. "ಪುಸ್ತಕದಾಗಿಲ್ಲ. ನನ್ನ ಕಪಾಟನ್ಯಾಗ ಐತಿ," ಎಂದೆ. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರಲ್ಲ, ಎರಡನ್ನೂ ನಾನು ಒಂದೇ ಉಸಿರಿನಲ್ಲಿ ಮಾಡಿದೆ.

ಪಾಡ್ಯದ ದಿನ ಬಿಟ್ಟರೆ ಕಡೇ ಸಂದನ್ನು ಕಂಬಳಿಯ ಹೊರಗೆ ಕೇಳುವಂತಿಲ್ಲ. ಹಾಗಾಗಿ ಗುಡಿಯ ಪಕ್ಕದ ದೊಡ್ಡಿಯಲ್ಲಿ ಅಣ್ಣಾಸಾಬ, ದಶರಥ, ಗುಂಡಿ ಒತ್ತಲು ಬರುವವನೆಂದು ನಾನು, ಮೂವರೂ ಮೊಣಕಾಲು ತಗುಲುವಂತೆ ಕೂತೆವು. ನಡುವೆ ಟೇಪ್ ರೆಕಾರ್ಡರ್. ಮೇಲೆ ದೊಡ್ಡ ಕರೀ ಕಂಬಳಿ. ಒಳಗೆ ಕುರಿಯ ವಾಸನೆ, ಗುಡಿಯ ಅರಿಸಿನ ಭಂಡಾರದ ವಾಸನೆ, ಮೂವರ ಬೆವರು. ನೋಡಿದವರು ನಗುತ್ತಿದ್ದರು. ನನಗೂ ಒಳಗೊಳಗೇ ನಗು ಬರುತ್ತಿತ್ತು. ಗುಂಡಿ ಒತ್ತಿದೆ.

ಹೆಣ್ಣುದನಿ ಎದ್ದಿತು. ಕತ್ತಲಲ್ಲಿ ಅಣ್ಣಾಸಾಬನ ಮೊಣಕಾಲು ಒಮ್ಮೆಗೇ ಬಿಗಿಯಾದದ್ದು ನನ್ನ ಮೊಣಕಾಲಿಗೆ ತಿಳಿಯಿತು. ಅದು ಯಾರ ದನಿಯೆಂದು ಕೇಳಬೇಕಾಗಿರಲಿಲ್ಲ. ಕೋಡಿಯಲ್ಲಿ ಸೋಮವಾರದ ಆರತಿಗೆ ಮುಂದಾಳಾಗಿ ಹಾಡುತ್ತಿದ್ದ ದನಿ. ನಿಲ್ಲಿಸು ಎನ್ನುತ್ತಾನೆಂದು ನಾನು ಕಾದೆ. ಅವನು ನಿಲ್ಲಿಸು ಎನ್ನಲಿಲ್ಲ. ಕೊನೆಯವರೆಗೆ ಕೇಳಿದರು. ‘ಕಂಬಳಿ ತಗಿಯಣ್ಣಾ’ ಎಂಬ ಸಾಲು ಬಂದಾಗ ನಾವು ಮೂವರು ಗಂಡಸರು ಆ ಕಂಬಳಿಯೊಳಗೆ ಉಸಿರು ಹಿಡಿದು ಕೂತಿದ್ದೆವು, ಒಬ್ಬರೂ ಕೈ ಎತ್ತಲಿಲ್ಲ.

ಹೊರಗೆ ಬಂದ ಮೇಲೆ ಅಣ್ಣಾಸಾಬ ಬಹಳ ಸಾವಕಾಶವಾಗಿ ಕೇಳಿದ. "ಆಕಿಗೆ ಹೆಂಗ ಗೊತ್ತಾತ್ರಿ?"

ಹಾಲಸಿದ್ದ ಹಿಂದೆಂದೋ ನಿದ್ದೆಯಲ್ಲಿ ಬಡಬಡಿಸಿದ್ದನ್ನು ಕೇಳಿದ್ದಳು ಎಂದಿದ್ದರೆ ಮುಗಿದುಹೋಗುತ್ತಿತ್ತು. ಸತ್ತವನ ಮೇಲೆ ಹೋಗುತ್ತಿತ್ತು. ಆದರೆ ನಾನು ಸಂಶೋಧಕ. ಬಾಣಂತಿ ಕೋಣೆ, ಕಿವಿಯ ಅರಳೆ, ಕಿವುಡ ಮುದುಕ, ಒಂಬತ್ತು ದಿನದ ಕೂಸು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಎಂಥ ಸ್ವಾರಸ್ಯದ ಸಂಗತಿ ನೋಡಿ ಎಂದೂ ಅಂದೆ. ಅಣ್ಣಾಸಾಬ ತಲೆ ತಗ್ಗಿಸಿ, "ಅಂದ್ರ ಕೋಣ್ಯಾಗ ಎರಡ್ ಹೆಣ್ಣ ಇದ್ವು," ಎಂದ. ನಾನು ಆವರೆಗೆ ಕೂಸನ್ನು ಹಾಗೆ ಲೆಕ್ಕ ಹಾಕಿರಲಿಲ್ಲ.

ಹಿರಿಯರು ಕೂಡಿ ತೀರ್ಮಾನ ಮಾಡಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಮಲಕವ್ವ ಗುಡಿಯ ಮೆಟ್ಟಿಲು ಹತ್ತಬಾರದು, ಆರತಿ ಎತ್ತಬಾರದು, ಅವಳು ನೂತ ಉಣ್ಣೆಯನ್ನು ಯಾರೂ ನೇಯಬಾರದು. ಮತ್ತೆ, ಆ ಕೋಣೆಯಲ್ಲಿದ್ದ ಎರಡು ಜೀವ ಇನ್ನು ಮುಂದೆ ಒಂದೇ ಸೂರಿನ ಕೆಳಗೆ ಸೇರಬಾರದು. ಸೇರಿದರೆ ಸಂದು ಮತ್ತೆ ಬಾಯಿ ತೆರೆಯುತ್ತದೆ. ಚಿಂಚಲಿಗೆ ಮನುಷ್ಯ ಹೋದ. ಕಸ್ತೂರೆವ್ವನ ಮಾವ ಸೊಸೆಗೆ ಎರಡೇ ಮಾತು ಹೇಳಿದನಂತೆ, ತವರಿಗೆ ಹೋಗುವುದಾದರೆ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗು, ತಿರುಗಿ ಬರಬೇಡ.

ಆ ಸುದ್ದಿ ಕೇಳಿ ನಾನು ಅಣ್ಣಾಸಾಬನ ಮನೆಗೆ ಹೋಗಿ ಒದರಾಡಿದೆ. ಪೊಲೀಸರಿಗೆ ಬರೆಯುತ್ತೇನೆ, ಪೇಪರಿಗೆ ಬರೆಯುತ್ತೇನೆ ಎಂದೆ. ಅವನು ನನಗೆ ಚಹಾ ಕೊಟ್ಟು ಹೇಳಿದ: "ನಾ ಏನ್ ಮಾಡ್ಲ್ರಿ ಮಾಸ್ತರ? ಆಕಿ ಕೇಳಿದ್ದು ನೀವು ಹೇಳದಿದ್ರ ನಮಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಗೊತ್ತಿಲ್ಲದವ್ರಂಗ ಇರಾಕ ಬರೂದಿಲ್ಲ." ಚಹಾ ಕುಡಿದು ಬಂದೆ. ಪೊಲೀಸರಿಗೂ ಬರೆಯಲಿಲ್ಲ, ಪೇಪರಿಗೂ ಬರೆಯಲಿಲ್ಲ. ಆ ವರ್ಷ ನನ್ನ ವರ್ಗಾವಣೆಯ ಅರ್ಜಿ ಅಥಣಿಯ ಕಡೆಗೆ ಹೋಗಿತ್ತು, ಗದ್ದಲ ಬೇಡವೆನ್ನಿಸಿತು.

ಇಷ್ಟಾದರೂ ಅವರು ಸಂದನ್ನು ಬಿಡಲಿಲ್ಲ. ದಶರಥ ಕ್ಯಾಸೆಟ್ಟನ್ನು ಹನ್ನೊಂದು ದಿನ ಇಟ್ಟುಕೊಂಡು, ಕಂಬಳಿಯೊಳಗೆ ಒಬ್ಬನೇ ಕೂತು ಕಲಿತ. ಹನ್ನೆರಡನೆಯ ದಿನ ಬಹಳ ಮರ್ಯಾದೆಯಿಂದ ತಂದುಕೊಟ್ಟ. "ಹೆಣ್ಣಿನ ಬಾಯಾಗಿಂದು ಉಳಿಬಾರ್ದಂತ ಹಿರ್ಯಾರು ಅಂದ್ರು. ಖಾಲಿ ಕೊಟ್ರ ನಿಮಗ ಲುಕ್ಸಾನಂತ ಡೊಳ್ಳ ತುಂಬಿಸೇನ್ರಿ," ಎಂದ. ಆ ಮುಖದಲ್ಲಿ ಕಪಟವಿರಲಿಲ್ಲ.

ಪಾಡ್ಯದಂದು ಗುಡಿಯ ಬಾಗಿಲು ಹಾಕಿ ಹಾಡಿಕೆ ನಡೆಯಿತು. ಹೆಂಗಸರನ್ನು ಶಾಲೆಯ ಕಟ್ಟೆಗೆ ಕಳಿಸಿದರು, ಅವರ ಗುಂಪಿನಲ್ಲಿ ಮಲಕವ್ವನಿಗೆ ಜಾಗವಿರಲಿಲ್ಲ. ಕೆಲವು ತಿಂಗಳ ಮೇಲೆ ಕಬ್ಬೂರದ ಬಸ್ ಸ್ಟ್ಯಾಂಡಿನಲ್ಲಿ ದಶರಥ ಸಿಕ್ಕ. ಪೂರ್ತಿ ಹಾಡಿದೆಯಾ ಎಂದು ಕೇಳಿದೆ. ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅದೊಂದ್ ಕಂಬಳಿ ಮಾತ ಬಿಟ್ನಿರಿ. ದೇವ್ರ ತಂಗೀನ್ನ ಕೊಂದ ಅಂತ ಮಂದ್ಯಾಗ ಹೆಂಗ ಹಾಡೂದ್ರಿ? ಹಾಂವ ಕಡೀತು ಅಂತ ಮಾಡೇನಿ. ಎಲ್ಲಾರಿಗೂ ಚಲೋ ಅನಿಸ್ತು." ಗಂಡಸರಿಗಷ್ಟೇ ಗೊತ್ತಿದ್ದ ಗುಟ್ಟು ಅಲ್ಲಿಗೆ ಗಂಡಸರಿಗೂ ಇಲ್ಲವಾಯಿತು.

ಉಳಿದದ್ದು ಒಂದು ಕಡೆ ಮಾತ್ರ. ನಾನು ಚಿಕ್ಕೋಡಿಯಲ್ಲಿ ಹೊಸ ಕ್ಯಾಸೆಟ್ ಕೊಂಡು, ಈ ಸಲ ವಹಿಯನ್ನೂ ಹಿಡಿದುಕೊಂಡು ಮಲಕವ್ವನ ಮನೆಗೆ ಹೋದೆ. ಒಂದು ವರ್ಷ ಅವಳ ಮುಖ ತಪ್ಪಿಸಿ ತಿರುಗಿದ್ದೆ, ಆದರೂ ಹೋದೆ. ಅಷ್ಟು ನಾಚಿಕೆಗೇಡಿ ನಾನು. ಮನೆಯ ತುಂಬ ಮಾರಲಾಗದ ನೂಲಿನ ಉಂಡೆಗಳು, ಗೋಡೆಗುಂಟ ಮೊಣಕಾಲೆತ್ತರಕ್ಕೆ. ಅವಳು ಇನ್ನೂ ನೂಲುತ್ತಿದ್ದಳು. ಗುಡಿಯ ಭಂಡಾರವೂ ಇಲ್ಲದೆ ಹಣೆ ಬೋಳಾಗಿತ್ತು, ಮೈ ಇಳಿದಿತ್ತು.

"ಬರ್ರಿ ಮಾಸ್ತರ, ಕುಂಡ್ರಿ," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಾನು ತಪ್ಪಾಯಿತೆಂದು ಕೈ ಮುಗಿದೆ. ದಶರಥ ಹಾವಿನ ಕತೆ ಕಟ್ಟಿದ್ದನ್ನು ಹೇಳಿದೆ. ಇನ್ನು ಖರೇ ಉಳಿದಿರುವುದು ನಿನ್ನ ಹತ್ತಿರ ಮಾತ್ರ, ಇನ್ನೊಮ್ಮೆ ಹಾಡು, ಸಿಂಗವ್ವನಿಗಾಗಿಯಾದರೂ ಹಾಡು ಎಂದೆ.

ಅವಳು ಹರಿದ ಎಳೆಯನ್ನು ಕೂಡಿಸಿ ಮತ್ತೆ ನೂಲತೊಡಗಿದಳು. ಆಮೇಲೆ ಕೇಳಿದಳು: "ದೊಡ್ಡ್ಯಾಗ ಕೇಳಿದಾಗ ಯಾರ್ ಯಾರ್ ಇದ್ರಿರಿ?"

"ಅಣ್ಣಾಸಾಬ, ದಶರಥ..."

"ಮತ್ತ?"

"ನಾನು."

"ಹೌದಲ್ರಿ," ಎಂದಳು. "ಕಂಬಳಿ ಒಳಗ ನೀವೂ ಇದ್ರಿ."

ಹಾಡಲಿಲ್ಲ, ಎದ್ದು ಒಳಗೆ ಹೋದಳು. ಗಿಂಡಿಯಲ್ಲಿ ಮಜ್ಜಿಗೆ ಕೊಟ್ಟಳು. ಬೇಡವೆನ್ನುವ ಧೈರ್ಯವಾಗಲಿಲ್ಲ, ಕುಡಿದೆ. ಟೇಪ್ ರೆಕಾರ್ಡರನ್ನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ.

1999ರ ಮಾಘದಲ್ಲಿ ಮಲಕವ್ವ ತೀರಿಕೊಂಡಳು. ಆಗ ನಾನು ಅಥಣಿ ಕಡೆಯ ಅನಂತಪುರದ ಶಾಲೆಯಲ್ಲಿದ್ದೆ, ಸುದ್ದಿ ತಿಳಿದು ಎರಡು ಬಸ್ ಬದಲಿಸಿ ಬಂದೆ. ಮಣ್ಣು ಮುಗಿದಿತ್ತು. ಅವಳು ನೂತ ನೂಲನ್ನೆಲ್ಲ ಅವಳ ಜೊತೆಗೇ ಹಾಕಿದರಂತೆ. ಕೋಡಿಯ ಹೊರಗೆ, ಬೇವಿನ ಗಿಡದ ಆಚೆ, ರಸ್ತೆಯ ಮೇಲೆ ಕಸ್ತೂರೆವ್ವ ಒಬ್ಬಳೇ ನಿಂತಿದ್ದಳು. ತಾಯಿ ಸತ್ತ ಮೇಲೂ ಆ ಸೂರಿನ ಕೆಳಗೆ ಬರಬಹುದೋ ಇಲ್ಲವೋ ಎಂದು ಹಿರಿಯರು ಇನ್ನೂ ಮಾತಾಡುತ್ತಿದ್ದರು. ಮೂರು ವರ್ಷದಿಂದ ತಾಯಿಯ ಮುಖ ನೋಡಿರದವಳು. ನಲವತ್ತು ದಾಟಿದ ಹೆಂಗಸು, ಮಲಕವ್ವನದೇ ಹಣೆ, ಮಲಕವ್ವನದೇ ಕಣ್ಣು.

ನನ್ನನ್ನು ಕಂಡು ಹತ್ತಿರ ಬಂದಳು. ಅಳು ಬತ್ತಿಹೋಗಿತ್ತು.

"ಮಾಸ್ತರ, ನಿಮಗ ಗೊತ್ತೈತಂತಲ್ಲ. ಅದ್ರಾಗ ಏನ್ ಇತ್ರಿ? ನಾನೂ ಕೇಳೇನಂತ ಎಲ್ಲಾರೂ ಅಂತಾರ. ಒಂಬತ್ ದಿನದ ಕೂಸಿಗೆ ಏನ್ ನೆನಪಿರ್ತೈತ್ರಿ? ನನ್ನವ್ವನ್ನ ನನ್ನ ಕಡಿಂದ ಕಸಗೊಂಡದ್ದು ಯಾವ ಮಾತು ಅಂತ ಒಮ್ಮೆರೆ ಹೇಳ್ರಿ."

ಹೇಳಬೇಕಾಗಿತ್ತು. ಅವಳೊಬ್ಬಳಿಗೇ ಅದರ ಹಕ್ಕಿತ್ತು. ಪದ ಮರೆತಿದ್ದರೂ ಅರ್ಥ ನನ್ನಲ್ಲಿತ್ತು. ಬೇವಿನ ಗಿಡದ ಕೆಳಗೆ ಅಣ್ಣಾಸಾಬನೂ ಉಳಿದವರೂ ಮಾತು ನಿಲ್ಲಿಸಿ ನಮ್ಮ ಕಡೆಗೇ ನೋಡುತ್ತಿದ್ದರು. ಗೊತ್ತಾದರೆ ಇವಳು ಖರೇನೇ ಕೇಳಿದವಳಾಗುತ್ತಾಳೆ, ಮಕ್ಕಳನ್ನೂ ಕಳೆದುಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪವೋ ನಿಜವೋ ಇವತ್ತಿಗೂ ತಿಳಿದಿಲ್ಲ.

"ಏನಿಲ್ಲವ್ವಾ," ಎಂದೆ. "ಸಿಂಗವ್ವ ಕುರಿಯೊಳಗ ಕೂಡಿದಳು ಅಂತ ಐತಿ."

ಕಸ್ತೂರೆವ್ವ ನನ್ನ ಮುಖವನ್ನೇ ನೋಡಿದಳು.

"ಅಷ್ಟs ಏನ್ರಿ?" ಎಂದಳು. "ಅದು ಎಲ್ಲಾರಿಗೂ ಗೊತ್ತಿದ್ದದ್ದs ಅಲ್ರಿ."